ಆಸಿಡ್ ಬಿಟ್ಟು ಪಾಲಿಮರ್ ಪ್ಲೇಟ್: ಮನೆಯಲ್ಲೇ ಮಾಡಬಹುದಾ?

ಮಸಿಬಟ್ಟೆ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿ ಎಚಿಂಗ್ ಕಲಿತವಳು, ಅಂದರೆ ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು, ಮಸಿ ತುಂಬಿ ಕಾಗದಕ್ಕೆ ಒತ್ತುವುದು. ಜಿಂಕ್ ಪ್ಲೇಟ್, ನೈಟ್ರಿಕ್ ಆಸಿಡ್, ಅಕ್ವಾಟಿಂಟ್‌ಗೆ (ನೆರಳಿನ ಛಾಯೆ ತರೋಕೆ) ರಾಳದ ಪುಡಿ, ತೊಳೆಯೋಕೆ ಸೀಮೆಎಣ್ಣೆ. ಅದೇ ಹಳೆ ದಾರಿ. ಎಕ್ಸಾಸ್ಟ್ ಫ್ಯಾನ್ ಹೆಸರಿಗೆ ಮಾತ್ರ ಇತ್ತು. ಟ್ರೇ ಮೇಲೆ ಕಂದು ಹೊಗೆ ಏಳುತ್ತಿದ್ದರೂ ನಾವು ಕರ್ಚೀಫು ಕಟ್ಟಿಕೊಂಡು, ಗೆರೆಯ ಮೇಲೆ ಕೂರುವ ಗುಳ್ಳೆಗಳನ್ನು ಹಕ್ಕಿ ಗರಿಯಿಂದ ಸರಿಸುತ್ತಾ ಅಲ್ಲೇ ನಿಂತಿರುತ್ತಿದ್ದೆವು. ಆ ವಯಸ್ಸಿನಲ್ಲಿ ಯಾರೂ ಅದರ ಬಗ್ಗೆ ಯೋಚಿಸಲಿಲ್ಲ, ಹೇಳುವವರೂ ಇರಲಿಲ್ಲ.

ಈಗ ಶಹಾಪುರದಲ್ಲಿ ಮನೆಯ ಹಿಂದಿನ ಕೋಣೆ ಕೆಲಸಕ್ಕೆ ಸಿಕ್ಕಿದೆ. ಉದ್ಯಮಬಾಗದ ಒಬ್ಬ ಫ್ಯಾಬ್ರಿಕೇಶನ್‌ನವರು ಸಣ್ಣ ಪ್ರೆಸ್ ಕೂಡ ಮಾಡಿಕೊಟ್ಟಿದ್ದಾರೆ, ರೋಲರ್ ಬಹಳ ನೀಟಾಗಿ ಬಂದಿದೆ. ಆದರೆ ಅತ್ತೆಗೆ ಅಸ್ತಮಾ ಇದೆ, ಮಗ ಇನ್ನೂ ಎರಡನೇ ಕ್ಲಾಸು. ಈ ಮನೆಯೊಳಗೆ ಆಸಿಡ್ ತರುವ ಮಾತೇ ಇಲ್ಲ. ಹಾಗಾಗಿ ಫೋಟೋಪಾಲಿಮರ್ ಪ್ಲೇಟ್ ಬಗ್ಗೆ ಓದುತ್ತಿದ್ದೇನೆ. ಬಿಸಿಲಿಗೆ ಹಿಡಿ, ನೀರಲ್ಲಿ ತೊಳೆ, ಪ್ರಿಂಟ್ ತೆಗೆ ಅಂತ ಎಲ್ಲ ಕಡೆ ಬರೆದಿದ್ದಾರೆ. ಕೇಳೋಕೆ ಚೆನ್ನಾಗಿದೆ. ನನಗೆ ಗೊತ್ತಾಗಬೇಕಿರುವುದು ಇಷ್ಟು: ಇದು ನಿಜವಾಗಿ ಎಷ್ಟು ಸೇಫ್? ನಮ್ಮೂರಿನ ಮಳೆಗಾಲದಲ್ಲಿ ಬಿಸಿಲೇ ಇರುವುದಿಲ್ಲ, ಆಗ ಏನು ಮಾಡುವುದು? ಪ್ಲೇಟ್ ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು? ಇನ್ನೊಂದು, ಇದರಲ್ಲಿ ದಟ್ಟ ಕಪ್ಪು ಸರಿಯಾಗಿ ಬರುವುದಿಲ್ಲ ಅಂತ ಒಬ್ಬರು ಹೇಳಿದರು, ಹೌದಾ? ಕೈಯಾರೆ ಮಾಡಿ ನೋಡಿದವರು ಹೇಳಿ.

ಬಿಸಿಲೂರು, ವಿಜಯಪುರ

ಅಕ್ಕ, ಧೈರ್ಯವಾಗಿ ಶುರು ಮಾಡಿ. ನಾನು ಮನೆಯ ಮಾಳಿಗೆ ಮೇಲೆ ಇದನ್ನೇ ಮಾಡುತ್ತಿದ್ದೇನೆ.

ಮೊದಲು ಇದು ಕೆಲಸ ಮಾಡುವ ರೀತಿ ತಲೆಗೆ ಹತ್ತಬೇಕು, ಆಮೇಲೆ ಎಲ್ಲ ಸಲೀಸು. ತೆಳು ಸ್ಟೀಲ್ ತಗಡಿನ ಮೇಲೆ ಪಾಲಿಮರ್ ಪದರ ಇರುತ್ತದೆ. ಅದರ ಮೇಲೆ ಯುವಿ ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ. ಬೀಳದ ಜಾಗ ಮೆತ್ತಗೇ ಉಳಿದು ನೀರಿಗೆ ಕರಗಿ ಹೋಗುತ್ತದೆ. ಫಿಲ್ಮಿನ ಮೇಲೆ ನೀವು ಬರೆದ ಕಪ್ಪು ಗೆರೆ ಬೆಳಕನ್ನು ತಡೆಯುತ್ತದೆ, ತೊಳೆದಾಗ ಅಲ್ಲಿ ಸಣ್ಣ ಕಾಲುವೆ ಬೀಳುತ್ತದೆ, ಮಸಿ ಅದರಲ್ಲಿ ಕೂರುತ್ತದೆ. ಆಸಿಡ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬೆಳಕು ಮತ್ತು ನೀರು ಮಾಡುತ್ತವೆ. ಮದುವೆ ಕಾರ್ಡಿನ ಪ್ರೆಸ್‌ಗಳಲ್ಲಿ ಇಂಥ ಪ್ಲೇಟನ್ನು ಮೊದಲಿಂದಲೂ ಬಳಸುತ್ತಾರಲ್ಲ, ಅದನ್ನೇ ಅಮೆರಿಕದ ಡ್ಯಾನ್ ವೆಲ್ಡನ್ 1970ರ ದಶಕದಲ್ಲಿ ಬಿಸಿಲಿಗೆ ಹಿಡಿದು ಪ್ರಿಂಟ್‌ಮೇಕಿಂಗ್‌ಗೆ ತಂದರು. ಸೋಲಾರ್‌ಪ್ಲೇಟ್ ಅನ್ನುವ ಹೆಸರು ಅಲ್ಲಿಂದ ಬಂತು.

ಪಾಸಿಟಿವ್‌ಗೆ, ಅಂದರೆ ಚಿತ್ರ ಬರೆದ ಆ ಫಿಲ್ಮಿಗೆ, ದೊಡ್ಡ ಖರ್ಚು ಬೇಡ. ಮ್ಯಾಟ್ ಫಿಲ್ಮ್ ಮೇಲೆ ಇಂಡಿಯನ್ ಇಂಕ್, ಗ್ಲಾಸ್ ಮಾರ್ಕಿಂಗ್ ಪೆನ್ಸಿಲ್, ದಪ್ಪ ಪೋಸ್ಟರ್ ಕಲರ್, ಯಾವುದರಲ್ಲಾದರೂ ಬರೆಯಿರಿ. ಬೆಳಕಿಗೆ ಹಿಡಿದು ನೋಡಿದಾಗ ಕಪ್ಪು ಕಪ್ಪಾಗೇ ಕಾಣಬೇಕು, ಅದೊಂದೇ ನಿಯಮ. ಬರೆದ ಮುಖ ಪ್ಲೇಟಿಗೆ ತಾಗುವ ಹಾಗೆ ಬೋರಲು ಹಾಕಿ. ಪ್ಲೇಟಿನಲ್ಲಿ ಉಲ್ಟಾ ಆಗುತ್ತದೆ, ಪ್ರಿಂಟಿನಲ್ಲಿ ಮತ್ತೆ ಉಲ್ಟಾ ಆಗಿ ನೀವು ಬರೆದ ಹಾಗೇ ಬರುತ್ತದೆ. ತಾಮ್ರದ ಮೇಲೆ ಅಕ್ಷರ ಉಲ್ಟಾ ಬರೆಯುವ ಕಷ್ಟ ಇಲ್ಲಿ ಇಲ್ಲ.

ಬಿಸಿಲಿನ ಲೆಕ್ಕ ಊರಿಂದ ಊರಿಗೆ ಬೇರೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಒಂದೂವರೆ ನಿಮಿಷದ ಆಸುಪಾಸು ಸಾಕಾಗುತ್ತದೆ, ಡಿಸೆಂಬರ್‌ನಲ್ಲಿ ಜಾಸ್ತಿ ಬೇಕು. ಬೇರೆಯವರ ನಂಬರ್ ನಂಬಿ ದೊಡ್ಡ ಪ್ಲೇಟ್ ಹಾಳು ಮಾಡಬೇಡಿ. ಒಂದು ಸಣ್ಣ ಪಟ್ಟಿ ಕತ್ತರಿಸಿ, ಮೇಲೆ ರಟ್ಟು ಮುಚ್ಚಿ, 30 ಸೆಕೆಂಡಿಗೊಮ್ಮೆ ರಟ್ಟು ಸರಿಸುತ್ತಾ ಹೋಗಿ. ಒಂದೇ ಪಟ್ಟಿಯಲ್ಲಿ 30ರಿಂದ 150 ಸೆಕೆಂಡಿನವರೆಗಿನ ಎಲ್ಲ ಮೆಟ್ಟಿಲೂ ಸಿಗುತ್ತವೆ. ಪ್ರಿಂಟ್ ತೆಗೆದು ನೋಡಿ. ಬೆಳಕು ಜಾಸ್ತಿ ಆದಷ್ಟೂ ಪ್ರಿಂಟ್ ತಿಳಿಯಾಗುತ್ತದೆ, ಕಡಿಮೆ ಆದರೆ ಗಾಢವಾಗುತ್ತದೆ, ತೀರಾ ಕಡಿಮೆ ಆದರೆ ಪದರವೇ ಕಿತ್ತು ಹೋಗುತ್ತದೆ. ಮೇಲೆ ಇಡುವ ಗಾಜು ಪ್ರತಿ ಸಲ ಅದೇ ಇರಲಿ, ಗಾಜು ಬದಲಾದರೆ ಟೈಮೂ ಬದಲಾಗುತ್ತದೆ. ಕೆಳಗೆ ತೆಳು ಸ್ಪಂಜ್ ಹಾಕಿ ಗಾಜನ್ನು ಕ್ಲಿಪ್ ಹಾಕಿ ಒತ್ತಿ. ಫಿಲ್ಮಿಗೂ ಪ್ಲೇಟಿಗೂ ನಡುವೆ ಕೂದಲೆಳೆ ಸಂದಿ ಇದ್ದರೂ ಗೆರೆ ಮಸುಕಾಗುತ್ತದೆ.

ತೊಳೆಯುವಾಗ ಉಗುರು ಬೆಚ್ಚಗಿನ ನೀರು, ಮೆತ್ತನೆ ಬ್ರಷ್, ಒಂದೆರಡು ನಿಮಿಷ. ಗ್ಲೌಸ್ ಹಾಕಿದ ಬೆರಳಿಗೂ ಜಾರಿಕೆ ಗೊತ್ತಾಗುತ್ತದೆ, ಲೋಳೆ ಹಿಡಿದ ಹಾಗೆ ಇರುತ್ತದೆ. ಆ ಜಾರಿಕೆ ಹೋದ ಕೂಡಲೇ ನಿಲ್ಲಿಸಿ, ಪ್ರಿಂಟಾಗದ ನ್ಯೂಸ್‌ಪ್ರಿಂಟ್ ಹಾಳೆ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ. ಒಂದು ಹನಿ ನೀರು ಹಾಗೇ ಕೂತರೂ ಆ ಹನಿಯ ಗುರುತು ಪ್ರಿಂಟಿನಲ್ಲಿ ಬರುತ್ತದೆ. ನಮ್ಮ ಬೋರ್ ನೀರು ಗಡುಸು, ಬಿಳಿ ಕಲೆ ಬಿಡುತ್ತದೆ, ಹಾಗಾಗಿ ಕೊನೆಯ ಸಲ ಕುಡಿಯುವ ಫಿಲ್ಟರ್ ನೀರು ಹಾಕುತ್ತೇನೆ. ಆಮೇಲೆ ಹೇರ್ ಡ್ರೈಯರ್‌ನಿಂದ ಒಣಗಿಸಿ ಮತ್ತೆ ಬಿಸಿಲಿಗೆ ಇಡಿ, ಈ ಸಲ ಹತ್ತು ನಿಮಿಷ. ಪೂರ್ತಿ ಗಟ್ಟಿಯಾಗಲಿ.

ನವನಗರ ಸ್ಟಾಂಪ್, ಬಾಗಲಕೋಟೆ

ಮೇಡಂ, ನಾನು ಕಲಾವಿದ ಅಲ್ಲ, ರಬ್ಬರ್ ಸ್ಟಾಂಪ್ ಮತ್ತು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇದೆ. ಈಗಿನ ಸ್ಟಾಂಪು ಹೆಚ್ಚಿನವು ಪಾಲಿಮರ್ ಸ್ಟಾಂಪೇ. ಡಬ್ಬಿಯಿಂದ ಜೇನಿನಷ್ಟು ದಪ್ಪ ದ್ರವ ಸುರಿದು, ನೆಗೆಟಿವ್ (ಅಕ್ಷರ ಪಾರದರ್ಶಕ, ಸುತ್ತ ಕಪ್ಪು ಇರುವ ಫಿಲ್ಮ್) ಇಟ್ಟು, ಯುವಿ ಮೆಷಿನ್‌ನಲ್ಲಿ ಗಟ್ಟಿ ಮಾಡಿ ತೊಳೆಯುತ್ತೇವೆ. ನಿಮ್ಮ ಪ್ಲೇಟೂ ಅದೇ ಜಾತಿಯದು. ಅದಕ್ಕೇ ಸೇಫ್ಟಿ ಬಗ್ಗೆ ಹೇಳಬೇಕು ಅನ್ನಿಸಿತು.

ಹೊಗೆ ಇಲ್ಲ, ಸುಡುವುದಿಲ್ಲ, ವಾಸನೆಯೂ ಕಡಿಮೆ, ಎಲ್ಲ ನಿಜ. ಆದರೆ ಗಟ್ಟಿಯಾಗದ ಪಾಲಿಮರ್ ಚರ್ಮಕ್ಕೆ ಒಳ್ಳೆಯದಲ್ಲ. ಅದರಲ್ಲಿ ಅಕ್ರಿಲೇಟ್ ಅನ್ನುವ ರಾಸಾಯನಿಕ ಇರುತ್ತದೆ. ಮೊದಮೊದಲು ಏನೂ ಆಗುವುದಿಲ್ಲ. ಬರಿಗೈಯಲ್ಲಿ ಮುಟ್ಟುತ್ತಾ ಮುಟ್ಟುತ್ತಾ ಒಂದು ದಿನ ಬೆರಳ ಸಂದಿಯಲ್ಲಿ ತುರಿಕೆ ಶುರುವಾಗುತ್ತದೆ, ಆಮೇಲೆ ಚೂರು ತಾಗಿದರೂ ಮೈ ಒಪ್ಪುವುದಿಲ್ಲ. ಈ ಅಲರ್ಜಿ ಒಮ್ಮೆ ಅಂಟಿಕೊಂಡರೆ ಬಿಡುವುದು ಕಷ್ಟ. ನೈಟ್ರೈಲ್ ಗ್ಲೌಸ್ ಹಾಕಿ, ಸಾದಾ ರಬ್ಬರ್‌ದು ಸಾಲದು. ಗ್ಲೌಸ್ ಮೇಲೆ ಲೋಳೆ ಹತ್ತಿದ್ದರೆ ಅದೇ ಕೈಯಲ್ಲಿ ನಲ್ಲಿ, ಬಾಗಿಲು, ಮೊಬೈಲ್ ಮುಟ್ಟಬೇಡಿ. ಗಟ್ಟಿಯಾದ ಪ್ಲೇಟನ್ನು ಮುಟ್ಟೋಕೆ ಭಯ ಬೇಡ.

ತೊಳೆದ ನೀರನ್ನು ಬಚ್ಚಲಿಗೆ, ಗಿಡಕ್ಕೆ, ಬಾವಿ ಹತ್ತಿರ ಚೆಲ್ಲಲೇಬೇಡಿ. ಕರಗಿದ ಪಾಲಿಮರ್ ಎಲ್ಲ ಅದರಲ್ಲೇ ಇದೆ. ಅಗಲವಾದ ಹಳೆ ಟ್ರೇಗೆ ಹಾಕಿ ಮಾಳಿಗೆ ಮೇಲೆ ಬಿಸಿಲಿಗೆ ಇಡಿ, ಮಕ್ಕಳು ಮತ್ತು ಬೆಕ್ಕು ಹೋಗದ ಜಾಗ ಇರಲಿ. ಬಿಸಿಲಿಗೆ ಅದೂ ಗಟ್ಟಿಯಾಗಿ ತಳ ಹಿಡಿಯುತ್ತದೆ, ನೀರು ಆರಿ ಹೋಗುತ್ತದೆ. ಉಳಿದ ಸಿಪ್ಪೆಯನ್ನು ಕೆರೆದು ಒಣ ಕಸಕ್ಕೆ ಹಾಕಿ. ಬಕೆಟ್‌ಗಟ್ಟಲೆ ನೀರು ಬಳಸಬೇಡಿ, ಸಣ್ಣ ಪ್ಲೇಟಿಗೆ ಟ್ರೇಯಲ್ಲಿ ಎರಡು ಲೀಟರ್ ಸಾಕು.

ಇನ್ನು ಮಳೆಗಾಲ. ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ ಎಕ್ಸ್‌ಪೋಸಿಂಗ್ ಬಾಕ್ಸ್ ಇರುತ್ತದೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಮನೆಯಲ್ಲೇ ಮಾಡಿಕೊಳ್ಳುತ್ತೀರಿ ಅಂದರೆ, ನಿಮ್ಮೂರ ಕುಂದಾ ಅಂಗಡಿಗಳಲ್ಲಿ ನೊಣ ಹಿಡಿಯೋಕೆ ನೀಲಿ ಟ್ಯೂಬಿನ ಮೆಷಿನ್ ಹಾಕಿರುತ್ತಾರಲ್ವಾ, ಆ ಟ್ಯೂಬು ಯುವಿ-ಎ, 365 ನ್ಯಾನೊಮೀಟರ್ ಹತ್ತಿರದ್ದು. ನಾಲ್ಕಾರು ಟ್ಯೂಬ್ ಪೆಟ್ಟಿಗೆಯಲ್ಲಿ ಸಾಲಾಗಿ ಕೂರಿಸಿದರೆ ಒಳ್ಳೆ ಎಕ್ಸ್‌ಪೋಸಿಂಗ್ ಬಾಕ್ಸ್ ಆಗುತ್ತದೆ. ಆದರೆ ಒಂದು ಮಾತು ನೆನಪಿಡಿ. ನೀರಿನ ಫಿಲ್ಟರ್‌ನಲ್ಲಿ ಕ್ರಿಮಿ ಕೊಲ್ಲೋಕೆ ಹಾಕುವ ಯುವಿ ಟ್ಯೂಬ್ ಬೇರೆ. ಅದು ಯುವಿ-ಸಿ, 254 ನ್ಯಾನೊಮೀಟರ್. ಅದನ್ನು ಹೊರಗೆ ತೆಗೆದು ಹಚ್ಚಿದರೆ ಕಣ್ಣು, ಚರ್ಮ ಎರಡೂ ಸುಡುತ್ತವೆ. ಅಂಗಡಿಯವರು ಎರಡನ್ನೂ ಯುವಿ ಟ್ಯೂಬ್ ಅಂತಲೇ ಕೊಡುತ್ತಾರೆ, ಮೇಲಿನ ಅಕ್ಷರ ಓದಿ ತನ್ನಿ. ಯಾವ ಟ್ಯೂಬೇ ಇರಲಿ, ಪೆಟ್ಟಿಗೆಗೆ ಮುಚ್ಚಳ ಬೇಕೇ ಬೇಕು.

ನಿಮ್ಮೂರ ಮಳೆಗಾಲದ ತೇವಕ್ಕೆ ಬಳಸದ ಪ್ಲೇಟೂ ಕೆಡುತ್ತದೆ. ಕಪ್ಪು ಕವರಿನಲ್ಲಿ ಗಾಳಿಯಾಡದ ಹಾಗೆ ಸುತ್ತಿ, ತಂಪು ಜಾಗದಲ್ಲಿ ಇಡಿ. ಕತ್ತರಿಸುವಾಗ, ಫಿಲ್ಮ್ ಜೋಡಿಸುವಾಗ ಕಿಟಕಿ ಪರದೆ ಎಳೆದು ಹಳದಿ ಬಲ್ಬ್ ಒಂದೇ ಇರಲಿ.

ತಾಮ್ರದಗೆರೆ, ಬೆಳಗಾವಿ

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೂ ಹಳಬನಾಗಿ ನನ್ನದೊಂದು ತಕರಾರಿದೆ, ಬೇಜಾರು ಮಾಡ್ಕೋಬೇಡ ತಂಗಿ.

ಪಾಲಿಮರ್ ಅಂದರೆ ತಾಮ್ರದ ಬದಲಿ ಅಂತ ತಿಳಿದರೆ ನಿರಾಸೆ ಆಗುತ್ತದೆ. ತಾಮ್ರದಲ್ಲಿ ಗೆರೆಯನ್ನು ಮೂರು ಸಲ, ನಾಲ್ಕು ಸಲ ಬೇರೆ ಬೇರೆ ಆಳಕ್ಕೆ ಇಳಿಸಬಹುದು. ತಪ್ಪಾದರೆ ಕೆರೆದು, ನುಣುಪು ಮಾಡುವ ಬರ್ನಿಶರ್‌ನಿಂದ ತಿಕ್ಕಿ ಮತ್ತೆ ಶುರು ಮಾಡಬಹುದು. ಅದೇ ತಗಡಿನ ಮೇಲೆ ತಿಂಗಳುಗಟ್ಟಲೆ ಕೂರಬಹುದು. ಪಾಲಿಮರ್‌ನಲ್ಲಿ ಒಮ್ಮೆ ತೊಳೆದರೆ ಮುಗಿಯಿತು. ಆಮೇಲೆ ಸೂಜಿಯಿಂದ ಗೀರಬಹುದು, ಮರಳು ಕಾಗದ ಉಜ್ಜಬಹುದು, ಕಳೆದುಹೋದದ್ದನ್ನು ವಾಪಸ್ ತರೋಕೆ ಆಗುವುದಿಲ್ಲ. ಪದರದ ಆಳವೂ ಕಡಿಮೆ. ನಮ್ಮ ದೇಶದ ಪ್ರಿಂಟ್ ಕಲಾವಿದ ಕೃಷ್ಣ ರೆಡ್ಡಿಯವರು ಪ್ಯಾರಿಸ್‌ನ ಅಟೆಲಿಯರ್ 17 ಸ್ಟುಡಿಯೋದಲ್ಲಿ ಬೆಳೆಸಿದ ವಿಸ್ಕಾಸಿಟಿ ಪ್ರಿಂಟಿಂಗ್ ಇದೆಯಲ್ಲ, ಒಂದೇ ಪ್ಲೇಟಿನಲ್ಲಿ ಏರು ತಗ್ಗು ಕೆತ್ತಿ, ಮೆತ್ತನೆ ರೋಲರ್ ಒಂದು, ಗಟ್ಟಿ ರೋಲರ್ ಒಂದು ಓಡಿಸಿ ಬಣ್ಣ ತರುವುದು, ಅದಕ್ಕೆ ಬೇಕಾದ ಆಳ ಈ ತೆಳು ಪ್ಲೇಟಿನಲ್ಲಿ ಸಿಗುವುದಿಲ್ಲ. ಮಸಿ ಒರೆಸುವಾಗಲೂ ತಾಮ್ರದ ಹಾಗೆ ಗಸಗಸ ಉಜ್ಜಿದರೆ ಪಾಲಿಮರ್ ಗೀರುತ್ತದೆ. ಗಂಜಿ ಹಾಕಿ ಗಟ್ಟಿಯಾದ ಬಟ್ಟೆಯನ್ನು ಮೊದಲು ಕೈಯಲ್ಲಿ ಹಿಸುಕಿ ಮೆತ್ತಗೆ ಮಾಡಿಕೊಂಡು ಒರೆಸು, ಕೊನೆಗೆ ತೆಳು ಕಾಗದದಿಂದ ಹಗುರವಾಗಿ ಸವರು.

ಇಷ್ಟು ಹೇಳಿದರೂ ಮನೆಯಲ್ಲಿ ಅಸ್ತಮಾ ಇದ್ದರೆ ನೈಟ್ರಿಕ್ ಬೇಡವೇ ಬೇಡ. ಆ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಜಾಸ್ತಿ ಒಳಗೆ ಹೋದರೆ ಆಗಿಂದಾಗ ಏನೂ ಅನ್ನಿಸದೆ, ಕೆಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ರಾಳದ ಪುಡಿಯೂ ಕಡಿಮೆ ಇಲ್ಲ. ಗಾಳಿಯಲ್ಲಿ ತೇಲುವಾಗ ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಉಸಿರಿಗೆ ಸೇರಿದರೆ ಇಲ್ಲದವರಿಗೂ ಅಸ್ತಮಾ ತರುತ್ತದೆ. ನಮ್ಮ ತಲೆಮಾರಿನವರು ಇದನ್ನೆಲ್ಲ ಕಲೆಗೆ ಕೊಡುವ ಬೆಲೆ ಅಂತ ಸುಮ್ನೆ ನುಂಗಿದೆವು. ಅಷ್ಟು ಬೆಲೆ ಕೊಡಬೇಕಾಗಿರಲಿಲ್ಲ. ಕೆನಡಾದಲ್ಲಿ ಕೀತ್ ಹೊವಾರ್ಡ್, ಡೆನ್ಮಾರ್ಕ್‌ನಲ್ಲಿ ಎಲಿ ಪಾನ್ಸಿಂಗ್ ಇಂಥ ಪ್ರಿಂಟ್ ಕಲಾವಿದರು 1990ರ ದಶಕದಲ್ಲೇ ಬೇರೆ ದಾರಿ ತೋರಿಸಿದ್ದರು. ನಮ್ಮ ಕಡೆ ಅದು ಬರೋಕೆ ತಡವಾಯಿತು, ಅಷ್ಟೇ.

ಮಸಿಬಟ್ಟೆ, ಬೆಳಗಾವಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗ್ಲೌಸ್ ಮತ್ತು ನೀರಿನ ವಿಷಯ ಇಷ್ಟು ಬಿಡಿಸಿ ನಾನು ಎಲ್ಲೂ ಓದಿರಲಿಲ್ಲ.

ಕಪ್ಪಿನ ಪ್ರಶ್ನೆ ಹಾಗೇ ಉಳಿಯಿತು. ನನ್ನ ಕೆಲಸದಲ್ಲಿ ನೆರಳು ಜಾಸ್ತಿ. ಕಿತ್ತೂರು ಕೋಟೆಯ ಹಾಳು ಗೋಡೆಗಳ ಸರಣಿ ಮಾಡುತ್ತಿದ್ದೇನೆ, ಬಾಗಿಲ ಒಳಗಿನ ಕತ್ತಲು ನಿಜವಾದ ಕತ್ತಲಾಗೇ ಬರಬೇಕು. ಬರೀ ಗೆರೆಯಾದರೆ ಪ್ರಯೋಜನ ಇಲ್ಲ. ಪಾಲಿಮರ್ ಒಗ್ಗದಿದ್ದರೆ ಆಸಿಡ್ ಇಲ್ಲದೆ ಲೋಹದ ಮೇಲೇ ಮಾಡುವ ದಾರಿ ಏನಾದರೂ ಇದೆಯಾ ಅಂತಲೂ ಹೇಳಿ.

ಬಿಸಿಲೂರು, ವಿಜಯಪುರ

ಕತ್ತಲು ಬರುತ್ತದೆ ಅಕ್ಕ, ದಾರಿ ಗೊತ್ತಿರಬೇಕು. ತೊಂದರೆ ಏನೆಂದರೆ, ಫಿಲ್ಮಿನಲ್ಲಿ ಅಗಲವಾಗಿ ಕಪ್ಪು ತುಂಬಿದರೆ ಅಷ್ಟೂ ಜಾಗ ತೊಳೆದು ಹೋಗಿ ನುಣ್ಣನೆ ತಗ್ಗಾಗುತ್ತದೆ. ಒರೆಸುವಾಗ ಬಟ್ಟೆ ಆ ತಗ್ಗಿಗೆ ಇಳಿದು ಮಸಿ ಎಲ್ಲ ಎತ್ತಿಕೊಂಡು ಬರುತ್ತದೆ. ಅಂಚಿನಲ್ಲಿ ಕಪ್ಪು, ನಡುವೆ ಬೂದು. ನಿಮಗೆ ಹೇಳಿದವರು ಇದನ್ನೇ ನೋಡಿರಬೇಕು. ಮಸಿ ಹಿಡಿಯೋಕೆ ಒಳಗೆ ಕಾಳು ಕಾಳು ಬೇಕು, ತಾಮ್ರದಲ್ಲಿ ಅದನ್ನು ರಾಳ ಕೊಡುತ್ತಿತ್ತು.

ಇಲ್ಲಿ ಅದಕ್ಕೆ ಅಕ್ವಾಟಿಂಟ್ ಸ್ಕ್ರೀನ್ ಅಂತ ಒಂದು ಫಿಲ್ಮ್ ಬರುತ್ತದೆ. ತುಂಬ ಸಣ್ಣ ಚುಕ್ಕಿಗಳು, ಸಾಲಾಗಿ ಅಲ್ಲ, ಚೆಲ್ಲಾಪಿಲ್ಲಿ ಹರಡಿರುತ್ತವೆ. ಮೊದಲು ಆ ಫಿಲ್ಮ್ ಇಟ್ಟು ಒಂದು ಸಲ ಬೆಳಕು ಕೊಡಿ. ಅದನ್ನು ತೆಗೆದು ನಿಮ್ಮ ಚಿತ್ರದ ಫಿಲ್ಮ್ ಇಟ್ಟು ಎರಡನೇ ಸಲ. ಆಮೇಲೆ ಒಟ್ಟಿಗೆ ತೊಳೆಯಿರಿ. ಕಪ್ಪು ಜಾಗದಲ್ಲೂ ಸಣ್ಣ ಸಣ್ಣ ಗೂಟ ನಿಂತಿರುತ್ತವೆ, ಮಸಿ ಅವುಗಳ ಸಂದಿಯಲ್ಲಿ ಕೂರುತ್ತದೆ. ಎರಡೂ ಬೆಳಕಿಗೆ ಬೇರೆ ಬೇರೆ ಪಟ್ಟಿ ಮಾಡಿ ಟೈಮ್ ಹಿಡಿಯಬೇಕು. ಸ್ಕ್ರೀನಿಗೆ ಬೆಳಕು ಕಡಿಮೆ ಬಿದ್ದರೆ ಗೂಟ ಕಿತ್ತು ಹೋಗಿ ಮತ್ತೆ ಅದೇ ಬೂದು, ಜಾಸ್ತಿ ಬಿದ್ದರೆ ಸಂದಿ ಮುಚ್ಚಿ ಕಪ್ಪೇ ಹತ್ತುವುದಿಲ್ಲ. ಇದೇ ಈ ಕೆಲಸದ ನಿಜವಾದ ಕಷ್ಟ, ಇಲ್ಲಿ ಟೈಮ್ ಕೊಡಿ. ಸ್ಕ್ರೀನ್ ಫಿಲ್ಮ್ ಮನೆಯ ಪ್ರಿಂಟರ್‌ನಲ್ಲಿ ತೆಗೆದರೆ ಚುಕ್ಕಿ ಅಷ್ಟು ಚೊಕ್ಕಟ ಬರುವುದಿಲ್ಲ, ಫಿಲ್ಮ್ ಔಟ್‌ಪುಟ್ ಕೊಡುವ ಪ್ರೀಪ್ರೆಸ್‌ನವರ ಹತ್ತಿರ ಮಾಡಿಸಿ. ಒಮ್ಮೆ ಮಾಡಿಸಿದ್ದು ಗೀರು ಬೀಳದ ಹಾಗೆ ನೋಡಿಕೊಂಡರೆ ಬಹಳ ಕಾಲ ಬರುತ್ತದೆ.

ಸ್ಕ್ರೀನ್ ಇಲ್ಲದೆಯೂ ಒಂದು ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಗಾಜಿನ ಚೂರಿನ ಮೇಲೆ ಕಾರ್ಬೊರಂಡಮ್ ಪುಡಿ (ಉಜ್ಜೋಕೆ ಬಳಸುವ ಗಟ್ಟಿ ಪುಡಿ) ಮತ್ತು ನೀರು ಹಾಕಿ ಇನ್ನೊಂದು ಗಾಜಿನಿಂದ ತಿಕ್ಕಿದರೆ ಮುಖ ಮಂಜು ಮಂಜಾಗಿ ತರಿ ಬರುತ್ತದೆ. ಅದರ ಮೇಲೆ ಲಿಥೋ ಕ್ರೆಯಾನ್ ಅನ್ನುವ ಜಿಡ್ಡಿನ ಕಪ್ಪು ಕಡ್ಡಿಯಿಂದ ನೇರವಾಗಿ ಬರೆದು, ಫಿಲ್ಮಿನ ಬದಲು ಆ ಗಾಜನ್ನೇ ಪ್ಲೇಟಿನ ಮೇಲೆ ಬೋರಲು ಇಡಿ. ಆ ತರಿಯೇ ಚುಕ್ಕಿಯ ಕೆಲಸ ಮಾಡುತ್ತದೆ. ಹಾಳು ಗೋಡೆಯ ಉರುಟು ಮೈಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು.

ಲೋಹದ ಮೇಲೆ ಮಾಡಬೇಕು ಅಂದರೆ ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ವಸ್ತುವೇ ಇದೆ, ಮೈಲುತುತ್ತ. ದ್ರಾಕ್ಷಿ ತೋಟಕ್ಕೆ ಸುಣ್ಣದ ಜೊತೆ ಬೆರೆಸಿ ಬೋರ್ಡೊ ದ್ರಾವಣ ಹೊಡೆಯುತ್ತಾರಲ್ಲ, ಅದೇ ಕಾಪರ್ ಸಲ್ಫೇಟ್. ಅದಕ್ಕೆ ಸಮಸಮ ಅಡುಗೆ ಉಪ್ಪು ಹಾಕಿ ನೀರಲ್ಲಿ ಕರಗಿಸಿದರೆ ಜಿಂಕ್ ಮತ್ತು ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಕಂದು ಹೊಗೆ ಇಲ್ಲ. ಗೆರೆಯಲ್ಲಿ ತಾಮ್ರದ ಕೆಂಪು ಕೆಸರು ಕೂರುತ್ತದೆ, ಬ್ರಷ್‌ನಿಂದ ಸರಿಸುತ್ತಾ ಇರಬೇಕು. ಅಲ್ಯೂಮಿನಿಯಂಗೆ ಬಿಸಿಯಾಗುತ್ತದೆ, ಹೈಡ್ರೋಜನ್ ಗುಳ್ಳೆ ಬರುತ್ತದೆ, ಹಾಗಾಗಿ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ, ಕೆರೆ ಹಳ್ಳ ಸೇರಿದರೆ ಮೀನು ಸಾಯುತ್ತವೆ. ನೀಲಿ ಹರಳು ಮಕ್ಕಳ ಕಣ್ಣಿಗೆ ಚಂದ ಕಾಣುತ್ತದೆ, ಮಗನ ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡಿ.

ನವನಗರ ಸ್ಟಾಂಪ್, ಬಾಗಲಕೋಟೆ

ಒಂದು ಮಾತು ಸೇರಿಸುತ್ತೇನೆ. ಪ್ಲೇಟನ್ನು ಕಾರ್ಡ್ ಪ್ರೆಸ್‌ಗೆ ಅಚ್ಚಿನ ಬ್ಲಾಕ್ ಮಾಡುವವರ ಹತ್ತಿರ ಮಾಡಿಸಲು ಹೋದರೆ ಅವರು ರೂಢಿಯಂತೆ ನೆಗೆಟಿವ್ ಇಟ್ಟು, ಅಕ್ಷರ ಮೇಲೆ ಎದ್ದು ಕಾಣುವ ಹಾಗೆ ಆಳಕ್ಕೆ ತೊಳೆದು ಕೊಡುತ್ತಾರೆ. ಅದು ಕಾರ್ಡ್ ಪ್ರಿಂಟಿಂಗ್‌ಗೆ. ನಿಮಗೆ ಪಾಸಿಟಿವ್, ತೊಳೆಯುವುದೂ ಕಡಿಮೆ. ಮೊದಲೇ ಬಿಡಿಸಿ ಹೇಳಿ.

ದುಡ್ಡು ಉಳಿಸಬೇಕು ಅಂದರೆ ಎಲೆಕ್ಟ್ರಾನಿಕ್ಸ್ ಸರ್ಕಿಟ್ ಬೋರ್ಡಿಗೆ ಬಳಸುವ ಡ್ರೈ ಫಿಲ್ಮ್ ನೋಡಿ, ರೋಲಿನಲ್ಲಿ ಬರುತ್ತದೆ. ಅಲ್ಯೂಮಿನಿಯಂ ತಗಡಿಗೋ ಅಕ್ರಿಲಿಕ್ ಶೀಟಿಗೋ ನೀರು ಚಿಮುಕಿಸಿ ಅಂಟಿಸಿ, ಗುಳ್ಳೆ ಹೊರಗೆ ಒತ್ತಬೇಕು. ಇದು ಬರೀ ನೀರಿಗೆ ತೊಳೆಯುವುದಿಲ್ಲ, ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಬೇಕು. ಪದರ ತೀರಾ ತೆಳು, ಆದರೆ ಟೆಸ್ಟ್ ಮಾಡೋಕೆ, ಮಕ್ಕಳಿಗೆ ಕಲಿಸೋಕೆ ಆರಾಮ. ಗ್ಲೌಸ್ ಇದಕ್ಕೂ ಬೇಕು.

ಮಸಿಬಟ್ಟೆ, ಬೆಳಗಾವಿ

ಗಾಜಿನ ಮೇಲೆ ಕ್ರೆಯಾನ್! ಇದು ಹೊಳೆದೇ ಇರಲಿಲ್ಲ. ಈ ವಾರವೇ ಗಾಜು ತಿಕ್ಕುತ್ತೇನೆ. ಕೊನೆಯದಾಗಿ, ಮಸಿ ತೊಳೆಯೋಕೆ ಸೀಮೆಎಣ್ಣೆ ಬಿಟ್ಟು ಬೇರೆ ಏನು ಬಳಸುತ್ತೀರಿ? ಆಸಿಡ್ ಬಿಟ್ಟು ಥಿನ್ನರ್ ಇಟ್ಟುಕೊಂಡರೆ ಅತ್ತೆಗೆ ಅದೇ ಕಷ್ಟ ಅಲ್ವಾ?

ತಾಮ್ರದಗೆರೆ, ಬೆಳಗಾವಿ

ಒಳ್ಳೆ ಪ್ರಶ್ನೆ. ಸೇಫ್ ಸ್ಟುಡಿಯೋ ಅನ್ನುವವರು ಪ್ಲೇಟ್ ಬದಲಾಯಿಸಿ ಇದನ್ನು ಮರೆತುಬಿಡುತ್ತಾರೆ. ಆಸಿಡ್ ಹತ್ತಿರ ಕೂರುವುದು ಕೆಲವು ಹೊತ್ತು, ಥಿನ್ನರ್ ಹಬೆ ದಿನವಿಡೀ.

ಅಡುಗೆಯ ಸೂರ್ಯಕಾಂತಿ ಎಣ್ಣೆ ಸಾಕು. ಪ್ಲೇಟ್ ಮೇಲೆ ನಾಲ್ಕು ಹನಿ ಹಾಕಿ ಮೆತ್ತನೆ ಬಟ್ಟೆಯಲ್ಲಿ ಸವರು, ಮಸಿ ಸಡಿಲವಾಗಿ ಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಉಳಿದ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂಚೂರು ಹಚ್ಚಿ ತಕ್ಷಣ ಒಣಗಿಸು. ನೀರಲ್ಲಿ ನೆನೆಸಬೇಡ, ಪಾಲಿಮರ್ ನೀರು ಹೀರಿ ಮೆತ್ತಗಾಗುತ್ತದೆ, ಸ್ಟೀಲ್ ಅಂಚೂ ತುಕ್ಕು ಹಿಡಿಯುತ್ತದೆ. ಮಸಿ ಹಾಕುವ ಗಾಜು, ರೋಲರ್, ಕೈ, ಎಲ್ಲದಕ್ಕೂ ಇದೇ ಎಣ್ಣೆ ಮತ್ತು ಸೋಪು.

ಆದರೆ ಆ ಬಟ್ಟೆಗಳ ಬಗ್ಗೆ ಎಚ್ಚರ. ಎಚಿಂಗ್ ಮಸಿಯಲ್ಲಿ ಅಗಸೆ ಎಣ್ಣೆ ಇರುತ್ತದೆ. ಅದು ಒಣಗುವಾಗ ತಾನೇ ಬಿಸಿಯಾಗುತ್ತದೆ. ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೆ ಬಿಸಿ ಕೂಡಿ, ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತುತ್ತದೆ. ಒಂದೊಂದಾಗಿ ಹೊರಗೆ ಹಗ್ಗದ ಮೇಲೆ ಹರಡಿ ಗಟ್ಟಿಯಾಗಿ ಒಣಗಿದ ಮೇಲೆ ಎಸೆ, ಇಲ್ಲವಾದರೆ ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಮುಳುಗಿಸಿ ಇಡು. ಆ ಡಬ್ಬಿ ಕೋಣೆಯ ಒಳಗೆ ಬೇಡ, ಅಂಗಳದಲ್ಲಿ ಇರಲಿ.